ಕಾಣದಾಗುವ ಆಳ

ಅಹ್ವೆನ್‌ಲಂಪಿಯ ನಡುವೆ ದೋಣಿ ನಿಲ್ಲಿಸಿ
ತೈಸ್ತೊ ಹಗ್ಗ ಬಿಡುತ್ತಾನೆ, ಗೇಣು ಗೇಣಾಗಿ.
ತುದಿಯಲ್ಲೊಂದು ಬಿಳಿ ತಟ್ಟೆ.
ಅದು ಕಾಣದಾದ ಗಳಿಗೆಗೆ ಹಗ್ಗ ಬಿಗಿಹಿಡಿದು
ಗಂಟು ಎಣಿಸಬೇಕು. ಕೆಲಸ ಇಷ್ಟೇ. ಸಂಬಳವಿಲ್ಲ.

ಇಪ್ಪತ್ತಾರು ಬೇಸಿಗೆ. ನೀಲಿ ರಟ್ಟಿನ ಪುಸ್ತಕದಲ್ಲಿ
ನಾಲ್ಕೂವರೆ ಮೀಟರು, ನಾಲ್ಕೂಕಾಲು, ಮತ್ತೆ ನಾಲ್ಕೂವರೆ;
ಹೋದ ವರ್ಷ ಮೂರೂವರೆ. ಈ ಜುಲೈ, ಮೂರು.
ದಡದ ಹೊಸ ಸೌನಾದವರನ್ನು ಬೈದ,
ಆಚೆ ಹೊಲದ ಗೊಬ್ಬರವನ್ನು ಬೈದ,
ಪಟ್ಟಣದ ಕಚೇರಿಗೆ ಎರಡು ಕಾಗದ ಬರೆದ.

ಇಂದು ಹುಟ್ಟು ಹಾಕಲು ಬಂದ ಪಕ್ಕದ ಮನೆಯ ವಿಲ್ಯಾ
ಬಗ್ಗಿ ನೋಡಿ ಅಂದಳು:
"ಇನ್ನೂ ಕಾಣ್ತಿದೆಯಲ್ಲ. ಬಿಡಿ. ಬಿಡಿ. ಇನ್ನೂ."
ನಾಲ್ಕೂವರೆಯ ಕೆಂಪು ಗಂಟು ಒದ್ದೆಯಾಯಿತು.

ಪೊರೆ ಬಂದದ್ದು ನೀರಿಗಲ್ಲ.

ಬಹಳ ಹೊತ್ತು ಅಂಗೈಯನ್ನು ನೀರಲ್ಲಿಟ್ಟು ಕೂತ,
ಸುಳ್ಳು ದೂರು ಕೊಟ್ಟವನು ಎದುರಾದಾಗ ಕೂರುವ ಹಾಗೆ.
ಆಮೇಲೆ ಪುಸ್ತಕ ಬಿಡಿಸಿದ. ಹಳೆಯದನ್ನು ಹೊಡೆದುಹಾಕಲಿಲ್ಲ.
ಆ ಎರಡು ಅಂಕಿಗಳ ಪಕ್ಕದಲ್ಲಿ ಬರೆದ:
ನೋಡಿದವನ ಕಣ್ಣು ಮಸುಕು.
ಪೆನ್ನು ಅವಳಿಗೆ ಕೊಟ್ಟ.

ಮರಳುವಾಗ ಸೌನಾದವರು ಎಂದಿನಂತೆ ಕೈ ಬೀಸಿದರು.
ಅವನ ಕೈ ಅರ್ಧಕ್ಕೆ ಎದ್ದಿತು.