ಪೆನ್ಸಿಲ್ ಚುಕ್ಕೆ

ಬೀಜದ ಫ್ಯಾಕ್ಟರಿಯಲ್ಲಿ ನನ್ನದು ಗ್ರೇಡಿಂಗ್ ಮೇಜು.
ಮುನ್ನೂರಿಪ್ಪತ್ತು ಬೀಜ ಬಿದ್ದರೆ ಒಂದು ಪೌಂಡು,
ಆ ಜಾತಿಗೆ ಹೆಸರೂ ಮುನ್ನೂರಿಪ್ಪತ್ತು.
ಹದಿನಾರು ವರ್ಷದಲ್ಲಿ ಬೆರಳಿಗೆ ಕಣ್ಣು ಬಂದಿದೆ,
ಮುಟ್ಟಿದರೆ ಸಾಕು: ಇಡಿ, ಹೋಳು, ಮುರುಟಿದ್ದು.

ಹಾಗಾಗಿ ಸಿಸ್ಟರ್ ಹಿಲ್ಡಾ ತಕ್ಕಡಿ ನೋಡಿ
'ಸಾವಿರದ ಮುನ್ನೂರ ಎಂಬತ್ತು ಗ್ರಾಂ' ಎಂದಾಗ
ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು:
ಸಾವಿರ ಬೀಜಕ್ಕೂ ಇಪ್ಪತ್ತೇಳು ಕಮ್ಮಿ.
ಅಳು ಆಮೇಲೆ ಬಂತು.

ಸೋಣ ಕಳೆಯಲಿ ಎಂದು ಡಾಕ್ಟರು
ಸೆಪ್ಟೆಂಬರ್ ಹತ್ತೊಂಬತ್ತು ಬರೆದುಕೊಟ್ಟಿದ್ದರು.
ಇವಳು ಬಂದದ್ದು ಜುಲೈ ಹದಿನೆಂಟಕ್ಕೆ,
ಆಟಿ ಹಿಡಿದು ಇನ್ನೂ ಎರಡು ದಿನ.
ಆಟಿಯಲ್ಲಿ ಮದುವೆ ಇಲ್ಲ, ಮನೆಯೊಕ್ಕಲು ಇಲ್ಲ,
ಒಳ್ಳೆಯದಕ್ಕೆ ಯಾರೂ ಹೊರಡುವುದಿಲ್ಲ.
'ಇವಳಿಗೆ ಎಂತ ಅರ್ಜೆಂಟು ಮಾರಾಯ್ತಿ?'
ಮುತ್ತಕ್ಕ, ನನ್ನ ಗಂಡನ ತಾಯಿ,
ಕೇಳಿದ್ದು ಗಾಜಿನ ಪೆಟ್ಟಿಗೆಯನ್ನು.

ಅದೇ ಮಧ್ಯಾಹ್ನ ಪಕ್ಕದ ಹಾಸಿಗೆಯ ಸಫಿಯಾಳಿಗೆ ಗಂಡು,
ಮೂರು ಕಿಲೋ ಇನ್ನೂರು,
ಕೆನ್ನೆ ಸಮೇತ ಬಂದವನು.
ನನ್ನದರ ಕಿವಿ ಇನ್ನೂ ಒದ್ದೆ ಕಾಗದ,
ಬೆನ್ನಿನಲ್ಲಿ ರೋಮ, ಚೀಪಿಟ್ಟ ಮಾವಿನ ಗೊರಟಿನ ಹಾಗೆ.

ಮೊದಲ ವಾರ ತೂಕ ಇಳಿಯಿತು.
'ಎಲ್ಲರದ್ದೂ ಇಳಿಯುತ್ತದೆ' ಎಂದರು ಹಿಲ್ಡಾ.
ಎಲ್ಲರ ಹತ್ತಿರ ಇಳಿಸಲಿಕ್ಕೆ ಏನಾದರೂ ಉಂಟು,
ಎಂದು ನಾನು ಹೇಳಲಿಲ್ಲ.
ನೈಟಿಯ ಗುಂಡಿ ಬಿಚ್ಚಿ ಎದೆಗೆ ಕಟ್ಟಿಕೊಂಡೆ,
ಅವಳ ಉಸಿರು ಮರೆತರೆ ನನ್ನದು ನೆನಪಿಸಲಿ ಎಂದು.
ಹಿಂಡಿದ ಹಾಲು ನಳಿಗೆಯಲ್ಲಿ
ಎರಡು ಎಂಎಲ್, ನಾಲ್ಕು, ಮತ್ತೆ ಎರಡು.
ಹದಿನೈದನೇ ದಿನದ ನಂತರ ಹಿಡಿಯಿತು:
ದಿನಕ್ಕೆ ಇಪ್ಪತ್ತು ಗ್ರಾಂ,
ಅಂದರೆ ಹದಿನಾಲ್ಕು ಬೀಜ.
ಸೀರೆಯ ಸೆರಗಿನಲ್ಲಿ ಕದ್ದೊಯ್ಯಬಹುದಾದಷ್ಟು.

ಮನೆಗೆ ಬಿಡುವಾಗ ಡಾಕ್ಟರು
ಕಾರ್ಡಿನ ಗೆರೆಗಳ ನಡುವೆ ಎರಡು ಚುಕ್ಕೆ ಇಟ್ಟರು.
ಪೆನ್ನಿನದ್ದು ಹುಟ್ಟಿದ ದಿನದಿಂದ,
ಪೆನ್ಸಿಲಿನದ್ದು ಹುಟ್ಟಬೇಕಾಗಿದ್ದ ದಿನದಿಂದ.
'ಎರಡು ವರ್ಷದವರೆಗೆ ಪೆನ್ಸಿಲನ್ನೇ ನಂಬಿ.'
ಒಂದೇ ಮಗುವಿಗೆ ಎರಡು ವಯಸ್ಸು!
ನಡುವಿನ ಒಂಬತ್ತು ವಾರ
ಯಾರ ಲೆಕ್ಕಕ್ಕೆ ಹೋಯಿತು?

ಬಸ್ಸಿನಲ್ಲಿ ಕುಡುಪಿನ ತಿರುವು ದಾಟುವಾಗ
ಗುಡ್ಡದ ಗೇರುಮರ ಕಂಡಿತು.
ಅದರಲ್ಲಿ ಬೀಜವೇ ಮೊದಲು,
ಹಸಿರಾಗಿ, ಬತ್ತಲೆ, ಹೊರಗೇ ನೇತುಕೊಂಡು.
ಹಣ್ಣು ಆಮೇಲೆ
ತೊಟ್ಟಿನಿಂದ ಮೆಲ್ಲ ಉಬ್ಬಿ ಅದನ್ನು ಹುಡುಕಿಕೊಂಡು ಬರುತ್ತದೆ.
ಇಷ್ಟು ವರ್ಷ ಇದು ನನಗೆ ಬರೀ ಕೂಲಿಯ ಮರ.

ಹನ್ನೊಂದನೇ ತಿಂಗಳಿಗೆ ಅಂಗನವಾಡಿಯ ತಕ್ಕಡಿ
ಆರು ಕಿಲೋ ಏಳುನೂರು ಎಂದಿತು.
ಪದ್ಮಲತಾ ಟೀಚರ ಫೋನು ಹಳದಿಯಾಯಿತು.
'ಒಂಬತ್ತು ವಾರ ಕಳೆಯಿರಿ ಟೀಚರೇ, ಹಸಿರಾಗ್ತದೆ.'
'ಕಳೆಯಬಹುದಿತ್ತು, ಇದರಲ್ಲಿ ಅದಕ್ಕೆ ಜಾಗ ಇಲ್ಲ'
ಎಂದು ಪಾಪ, ಒಂದು ಮೊಟ್ಟೆ ಜಾಸ್ತಿ ಕೊಟ್ಟರು.
ಸಫಿಯಾಳ ಮಗ ಗೋಡೆ ಹಿಡಿದು ನಡೆಯುತ್ತಿದ್ದ.
ಇವಳು ಕೂತಲ್ಲಿಂದ ಅವನ ಚಡ್ಡಿ ಎಳೆದಳು.

ಈಗ ಮೇಜಿನಲ್ಲಿ ಸಣ್ಣ ಬೀಜ ಬಂದರೆ ಕೈ ತಡೆಯುತ್ತದೆ.
ಮುರುಟಿದ್ದಲ್ಲ, ಒಡೆದದ್ದಲ್ಲ, ಬರೇ ಸಣ್ಣದು.
ನಾನೂರೈವತ್ತರ ಡಬ್ಬಿಗೆ ಹಾಕುತ್ತೇನೆ, ಹಾಕಲೇಬೇಕು.
ಹೂ ಬಿಟ್ಟದ್ದು ಯಾವಾಗ ಎಂದು
ಡಬ್ಬಿ ಕೇಳುವುದಿಲ್ಲ.

ನಿನ್ನೆ ಸೆಪ್ಟೆಂಬರ್ ಹತ್ತೊಂಬತ್ತು.
ಯಾರಿಗೂ ಹೇಳದೆ ಒಂದು ಚಮಚ ಹೆಸರುಬೇಳೆ ಪಾಯಸ ಮಾಡಿ
ಅವಳ ಪೆನ್ಸಿಲಿನ ಹುಟ್ಟುಹಬ್ಬಕ್ಕೆ ಬಾಯಿಗಿಟ್ಟೆ.
ನಾಲಗೆಯಲ್ಲಿ ಅತ್ತಿತ್ತ ತಿರುಗಿಸಿ, ಯೋಚಿಸಿ,
ನನ್ನ ಕೈಗೇ ಉಗಿದಳು.
ಬೆಚ್ಚಗಿತ್ತು. ತೂಕವೂ ಇತ್ತು.