ಗೋಡೆಗೆ ನಾಲ್ಕು ಸಾಲು

ಡುಲೂತಿನ ಬಂದರಿಗೆ ಇಳಿಯುವ ರಸ್ತೆಯಲ್ಲಿ
ಬೀಗದಂಗಡಿಯ ಮಹಡಿಯ ಮೇಲೆ
ನಮ್ಮ ಆಪ್ತಸಲಹಾ ಕೇಂದ್ರ.
ನಾನು ಬಾಗಿಲ ಬಳಿಯ ಮೇಜಿನವಳು.
ಫೋನು ನನ್ನದು, ಕೀಲಿಗೊಂಚಲು ನನ್ನದು,
ಕಣ್ಣೊರೆಸುವ ಕಾಗದದ ಲೆಕ್ಕವೂ ನನ್ನದೇ.

ಗೋಡೆಗೆ ಹೊಸ ಚೌಕಟ್ಟು ಬಂದಿವೆ.
ಒಬ್ಬೊಬ್ಬರಿಗೆ ಒಂದು ಫೋಟೋ, ನಾಲ್ಕೇ ಸಾಲು.
ಓದಿದ್ದೆಲ್ಲಿ, ಪಳಗಿದ್ದು ಯಾವುದರಲ್ಲಿ,
ನೀನೇ ಬರೆದುಬಿಡು ಅಂದರು.

ರೋಲಂಡ್ ಬಿಸೊನೆಟ್. ವ್ಯಸನ ಸಲಹೆಗಾರ.
ಇಪ್ಪತ್ತೆರಡು ವರ್ಷದ ಅನುಭವ.
ಅದಕ್ಕೂ ಹಿಂದಿನ ಹನ್ನೊಂದು ವರ್ಷ
ಅದಿರು ಹಡಗಿನ ಅಡುಗೆಮನೆಯಲ್ಲಿ
ವೆನಿಲ್ಲಾ ಎಸೆನ್ಸನ್ನೂ ಬಿಡದೆ ಕುಡಿದದ್ದು
ನಾಲ್ಕು ಸಾಲಿಗೆ ಹಿಡಿಯುವುದಿಲ್ಲ.
ಅವನ ಕೋಣೆಯಿಂದ ನಗು ಕೇಳಿದರೆ
ಯಾರೋ ಮೊದಲ ಸಲ ನಿಜ ಹೇಳಿದರು ಅಂತ ಅರ್ಥ.
ಈಗಲೂ ಮಂಗಳವಾರ ಸೂಪು ತರುತ್ತಾನೆ,
ಮೂವತ್ತು ಜನಕ್ಕಾಗುವಷ್ಟು. ನಾವಿರುವುದು ಐವರು.
ಆ ಕೈಗೆ ಸಣ್ಣ ಅಳತೆ ಇನ್ನೂ ಬಂದಿಲ್ಲ.

ಮೈ ನೂ ಥಾವ್. ಮಾತು ನಿಲ್ಲಿಸಿದ ಮಕ್ಕಳು,
ಆಟದ ಮೂಲಕ ಚಿಕಿತ್ಸೆ.
ಏಳನೇ ವಯಸ್ಸಿಗೇ ಸೇಂಟ್ ಪಾಲಿನ ಆಸ್ಪತ್ರೆಯಲ್ಲಿ
ಅಜ್ಜಿಯ ನೋವನ್ನು ಹ್ಮಾಂಗಿನಿಂದ ಇಂಗ್ಲಿಷಿಗೆ ದಾಟಿಸಿದವಳು.
ಡಾಕ್ಟರು ಹೇಳಿದ್ದನ್ನು ಮಾತ್ರ
ಅಜ್ಜಿಗೆ ಪೂರ್ತಿ ದಾಟಿಸಲಿಲ್ಲ ಅಂತ
ಒಮ್ಮೆ ಸ್ಟೇಪ್ಲರಿಗೆ ಪಿನ್ನು ತುಂಬುತ್ತ ಹೇಳಿದಳು.
ಆಮೇಲೆ ಇಬ್ಬರೂ ಹಿಮದ ಮಾತಾಡಿದೆವು.
ಅವಳ ಕೋಣೆಯಲ್ಲೊಂದು ಮರಳಿನ ತೊಟ್ಟಿ.
ಸಂಜೆ ಗುಡಿಸುವಾಗ ಅದರೊಳಗೆ
ಪ್ಲಾಸ್ಟಿಕ್ ಕುದುರೆಯ ನಾಲ್ಕು ಕಾಲು ಮೇಲೆ ಕಾಣುತ್ತವೆ.
ನಾನು ಎತ್ತುವುದಿಲ್ಲ.
ಹೂತವನು ಗುರುವಾರ ಬರುತ್ತಾನೆ.

ಐಲಿ ಹಾರ್ಯು, ದಂಪತಿಗಳು.
ಮೂರು ಸಲ ಮದುವೆಯಾದವಳು, ಎರಡು ಸಲ ಒಬ್ಬನನ್ನೇ.
ಇದನ್ನೂ ಬರೆಯಲಾ ಅಂದೆ.
ಬರಿ, ಅದೇ ನನ್ನ ದೊಡ್ಡ ಡಿಗ್ರಿ ಅಂದಳು.
ಊಟವಾದ ಮೇಲೆ ಬಂದು, ಬೇಡ, ಅಳಿಸು ಅಂದಳು.

ಹಡಗು ಬಂದರೆ ಕಾಲುವೆಯ ಸೇತುವೆ ಮೇಲೇಳುತ್ತದೆ.
ಗಂಡ ಈಚೆ, ಹೆಂಡತಿ ಆಚೆ,
ನಡುವೆ ಸಾವಿರ ಅಡಿ ಕಬ್ಬಿಣ ಮೆಲ್ಲಗೆ ಸರಿಯಬೇಕು.
ಅಷ್ಟು ಹೊತ್ತು ಗಂಡ ನನ್ನೆದುರು ಕೂತು
ಮೀನಿನ ತೊಟ್ಟಿ ನೋಡುತ್ತಾನೆ.
ಒಳಗೆ ಹೋಗಿ ಆಡಬೇಕಾದ್ದನ್ನು
ಕೆಲವರು ಮೀನಿಗೇ ಹೇಳಿ ಮುಗಿಸಿದ್ದಾರೆ.

ಮಾರ್ವಿನ್ ಕಡೊಟ್. ಸಾವು, ಅಗಲಿಕೆ.
ಟೊಪ್ಪಿ ತೆಗೆಯಲಾರೆ ಅಂದ, ಟೊಪ್ಪಿಯಲ್ಲೇ ಫೋಟೋ.
ಹದಿನಾಲ್ಕು ಚಳಿಗಾಲ ಸ್ಮಶಾನದಲ್ಲಿ ಗುಂಡಿ ತೋಡಿದವನು.
ಜನವರಿಯಲ್ಲಿ ಇಲ್ಲಿ ನೆಲವೇ ಕಲ್ಲು.
ಕಬ್ಬಿಣದ ಮುಚ್ಚಳ ಬೋರಲು ಹಾಕಿ
ಒಳಗೆ ರಾತ್ರಿಯಿಡೀ ಬೆಂಕಿಯಿಟ್ಟು
ಮಣ್ಣು ಒಪ್ಪುವವರೆಗೂ ಪಕ್ಕದಲ್ಲಿ ಕೂರಬೇಕಂತೆ.
ಅವನ ಹತ್ತಿರ ಬಂದವರು ಮೊದಲ ತಿಂಗಳು
ಬರೀ ಕೂತಿದ್ದು ಎದ್ದುಹೋಗುತ್ತಾರೆ.
ವಿಮೆಯವರು ಫೋನಿನಲ್ಲಿ ಕೇಳುತ್ತಾರೆ, ಪ್ರಗತಿ ಏನು?
ಬೆಂಕಿ ಇಟ್ಟಿದೆ ಅನ್ನಲಾದೀತೇ.
ಸಮಾಧಾನಕರ, ಅನ್ನುತ್ತೇನೆ.

ಚೌಕಟ್ಟು ಐದು ಬಂದಿವೆ, ಒಂದು ಹೆಚ್ಚು.
ನಿನ್ನದೂ ಹಾಕು ಅಂತ ರೋಲಂಡ್ ರೇಗಿಸುತ್ತಾನೆ.
ಏನಂತ ಬರೆಯಲಿ.
ಒಂಬತ್ತು ವರ್ಷದ ಹಿಂದೆ, ಮನೆಯ ಬೀಗ ಬದಲಿಸಲು ಬಂದವಳು,
ಕೈಯಲ್ಲಿ ಹಳೇ ಬೀಗ, ಮಹಡಿ ತಪ್ಪಿ ಹತ್ತಿದವಳು.
ಯಾರೂ ತಪ್ಪು ಅನ್ನಲಿಲ್ಲ. ಕೂತ್ಕೊಳ್ಳಿ ಅಂದರು.
ಆ ಬೀಗ ಈಗಲೂ ಮೇಜಿನ ಕೆಳಗಿನ ಖಾನೆಯಲ್ಲಿದೆ,
ಸ್ಟಾಂಪಿನ ಡಬ್ಬಿಯ ಹಿಂದೆ.

ಫೋನು.
ಒಂದು ಹೆಣ್ಣು ದನಿ: ನಿಮ್ಮಲ್ಲಿ ಯಾರು ಒಳ್ಳೆಯವರು?
ಮುಂದಿರುವ ನಾಲ್ಕು ಸಾಲುಗಳನ್ನು ನೋಡುತ್ತೇನೆ, ಓದುವುದಿಲ್ಲ.
ಉಸಿರು ಕೇಳುತ್ತೇನೆ.
ಹಿಂದೆ ನಲ್ಲಿಯ ನೀರು ಬಿಟ್ಟಿದ್ದಾಳೆ,
ಮನೆಯಲ್ಲಿ ಯಾರಿಗೂ ಕೇಳದಿರಲೆಂದು.
ಬುಧವಾರ ಹತ್ತು ಗಂಟೆ ಆಗುತ್ತಾ ಅನ್ನುತ್ತೇನೆ.
ಸೇತುವೆಯ ಆಚೆಯವರಾದರೆ
ಹೊರಡುವ ಮುಂಚೆ ಹಡಗಿನ ವೇಳೆ ನೋಡಿಕೊಳ್ಳಿ.
ತಡವಾದರೂ ಬನ್ನಿ.