ಮಾರು

ಬೈತಖೋಲ ಬಂದರಿನ ಎದುರು
ಐಸ್ ಫ್ಯಾಕ್ಟರಿಯ ಗೋಡೆಗೆ ಒರಗಿ ನಿಂತಿದೆ
ನಮ್ಮ ಹಗ್ಗದಂಗಡಿ.
ಟೇಪು ಇದೆ, ಗಿರಾಕಿಗಳು ನಂಬುವುದಿಲ್ಲ.
ಎರಡೂ ಕೈ ಚಾಚಿ, ಎದೆಯ ಮೇಲೆ ಹಗ್ಗ ಎಳೆದು
ಒಂದು ಮಾರು, ಎರಡು ಮಾರು...
ಪುರಸು ತಾಂಡೇಲನ ತೋಳು ಉದ್ದ,
ನನ್ನದು ಅವನಿಗಿಂತ ಗೇಣು ಕಡಿಮೆ.
‘ಮಾರು ಹಾಕುತ್ತೀಯೋ, ನಮ್ಮನ್ನೇ ಮಾರುತ್ತೀಯೋ?’
ನಗುತ್ತಾರೆ. ನಗಲಿ.
ಹತ್ತು ಮಾರಿಗೆ ಒಂದು ಮಾರು ಹೆಚ್ಚು ಬಿಟ್ಟೇ
ಚಾಕು ಇಡುತ್ತೇನೆ.

ಹಗ್ಗ ನೋಡುವುದನ್ನು ಪುರಸು ಬಾಯಲ್ಲಿ ಕಲಿಸಲಿಲ್ಲ.
ಕಣ್ಣು ಮುಚ್ಚಿಸಿ ಕೈಗೆ ಕೊಡುತ್ತಿದ್ದ.
‘ಹೇಳು.’
‘ನೈಲಾನು.’
‘ಅದು ಹೆಸರು. ಗುಣ ಹೇಳು.’

ಕೈಗಳು ನಿಧಾನ ಕಲಿತವು.
ಹೆಬ್ಬೆರಳಿಂದ ಹುರಿ ಬಿಚ್ಚಿ ಒಳಗೆ ನೋಡಬೇಕು:
ಹೊರಗೆ ಮದುಮಗ, ಒಳಗೆ ಧೂಳು, ಅಂಥದೂ ಇದೆ.
ನೀಲಿ ಪ್ಲಾಸ್ಟಿಕ್ಕಿನದು ಅಗ್ಗ, ತೇಲುತ್ತದೆ,
ಬಲೆಗೆ ಸೈ, ಬಟ್ಟೆ ಒಣಹಾಕಲು ಸೈ,
ಎರಡು ಬೇಸಿಗೆ ಕಳೆದರೆ ಹಪ್ಪಳದ ಹಾಗೆ ಪುಡಿ.
ನೈಲಾನು ಎಳೆದಷ್ಟೂ ಹಿಗ್ಗುವ ಮನುಷ್ಯ.
ಲಂಗರಿಗೆ ಕಟ್ಟು, ಅಲೆಯ ಸಿಟ್ಟನ್ನು ನುಂಗಿಕೊಳ್ಳುತ್ತದೆ.
ಹಾಯಿಗೆ ಕಟ್ಟಿದರೋ
ಮಧ್ಯಾಹ್ನದೊಳಗೆ ಪಟ ಜೋತುಬಿದ್ದಿರುತ್ತದೆ.
ಕತ್ತಕ್ಕೆ ಉಪ್ಪುನೀರೇ ತವರು,
ಮಳೆಯಲ್ಲಿ ಮರೆತರೆ ಒಳಗಿಂದ ಕೊಳೆಯುತ್ತದೆ.
ಪಾಲಿಯೆಸ್ಟರು ಮಾತಿಗೆ ತಪ್ಪದ್ದು,
ಬೆಲೆ ಕೇಳಿದವರು ಸುಮ್ಮನೆ ಕಡಲು ನೋಡುತ್ತಾರೆ.

ಎಲ್ಲ ಕೆಲಸಕ್ಕೂ ಒಂದೇ ಹಗ್ಗ ಸಾಕೆಂದವನಿಗೆ
ಪುರಸು ಹೇಳಿದ್ದ:
‘ಒಂದೇ ಬೆರಳಲ್ಲಿ ಅನ್ನ ಕಲಸು, ನೋಡುವಾ.’

ಅವನ ಬಲಗೈಗೆ ಮೂರೇ ಬೆರಳು.
ಉಳಿದೆರಡರ ಲೆಕ್ಕ ಅಂಗಡಿಯ ಮೊಳೆಗೆ ನೇತಾಡುತ್ತಿದೆ,
ಗೇಣುದ್ದದ ಒಂದು ಕತ್ತದ ತುಂಡು.
ದೇವಗಡದ ದೀಪದ ಆಚೆ
ಕೂವೆಯ ತುದಿಯ ರಾಟೆಯಲ್ಲಿ
ಅದದೇ ಜಾಗ ಉಜ್ಜಿ ಉಜ್ಜಿ ಹರಿದದ್ದು.
ಅಡ್ಡಮರ ಕುಸಿದಾಗ ಕೈ ಕೆಳಗಿತ್ತು.
ಗಾಳಿ ಅಂದು ಜೋರಿರಲಿಲ್ಲವಂತೆ.
‘ವರ್ಷಕ್ಕೊಮ್ಮೆ ತುದಿಯನ್ನು ಬುಡ ಮಾಡಬೇಕಿತ್ತು.
ಗಾಳಿಯನ್ನು ಯಾಕೆ ಬಯ್ಯಲಿ?’

ಕೋಡಿಬಾಗದ ಗಾಳಿಮರಗಳ ಕೆಳಗೆ
ಹಳೆಯ ಹೊಡಿಯೊಂದು ಬೋರಲು ಬಿದ್ದಿತ್ತು,
ಏಡಿಗಳ ಮನೆಯಾಗಿ.
ನನ್ನ ಮಗಳು ಸ್ನೇಹಲ್ ಅದನ್ನು ಎಬ್ಬಿಸಿದಳು,
ಬಿರುಕಿಗೆ ಹತ್ತಿ ತುಂಬಿದಳು, ಎಣ್ಣೆ ಕುಡಿಸಿದಳು,
ಯಾರದೋ ಬೋಟಿನ ತಾಡಪಾಲು ಹೊಲಿದು ಹಾಯಿ ಮಾಡಿದಳು.
ನಿನ್ನೆ ಸಂಜೆ ಅಂಗಡಿಗೆ ಬಂದವಳು
ಮಗಳ ಹಾಗೆ ಬರಲಿಲ್ಲ.
ದುಡ್ಡು ಮೇಜಿನ ಮೇಲಿಟ್ಟು,
‘ಹಾಯಿ ಏರಿಸಲಿಕ್ಕೆ ಹಗ್ಗ.’

ಕಣ್ಣು ಮುಚ್ಚು ಅಂದೆ.
ನಾಲ್ಕು ಕೊಟ್ಟೆ. ಮೂಸಿದಳು,
ಮಡಿಸಿ ಕಿವಿಗೆ ಹಿಡಿದಳು,
ಕಚ್ಚಿಯೂ ನೋಡಿದಳು. ಅದನ್ನು ನಾನು ಕಲಿಸಿರಲಿಲ್ಲ.
ಮೂರನೆಯದು, ಅಂದಳು.
ಹೆಸರು ಹೇಳಲಿಲ್ಲ.

ಕಣ್ಣು ಬಿಟ್ಟವಳಿಗೆ ಮೊದಲು ಕಂಡದ್ದು ಮೊಳೆ.
‘ಅಜ್ಜಾ, ಇದರ ಉಳಿದ ಹಗ್ಗ ಎಲ್ಲಿ?’

ಇಷ್ಟು ವರ್ಷ
ಈ ತುಂಡಿನ ಕೆಳಗೆ ಕೂತು ಉಂಡಿದ್ದೇನೆ, ವ್ಯಾಪಾರ ಮಾಡಿದ್ದೇನೆ,
ಒಮ್ಮೆಯೂ ಕೇಳಿರಲಿಲ್ಲ.

ಅಪ್ಪ ಬೀಡಿ ಆರಿಸಿದ.
‘ಉಳಿದದ್ದು ಗಟ್ಟಿಯಿತ್ತು.
ನಿನ್ನ ಅಮ್ಮನ ತೊಟ್ಟಿಲಿಗೆ ಕಟ್ಟಿದೆ.
ದಿನಾ ರಾತ್ರಿ ಎದ್ದು ತಡವಿ ನೋಡುತ್ತಿದ್ದೆ,
ಕೊಕ್ಕೆಗೆ ಎಲ್ಲಿ ಉಜ್ಜುತ್ತಿದೆ ಅಂತ.’

ಬಂದರಿನಲ್ಲಿ ಯಾರೋ ಇಂಜಿನು ಶುರು ಮಾಡಿದರು.
ನಾನು ಹಗ್ಗದ ಸುರುಳಿ ಇಳಿಸಿದೆ.
‘ತಡಿ, ನಾನೇ ಅಳೆಯುತ್ತೇನೆ’ ಎಂದು ತೋಳು ಚಾಚಿದಳು.
ಯಾವಾಗ ಬೆಳೆದವೋ ಆ ತೋಳು!
ಹನ್ನೊಂದು ಮಾರು.
ಹೆಚ್ಚು ಬಿಡಬೇಕಾಗಲಿಲ್ಲ.
ಕಾದ ಚಾಕು ಇಟ್ಟು ತುದಿ ಕರಗಿಸಿದೆ,
ದುಡ್ಡು ಎಣಿಸಿ ಡಬ್ಬಿಗೆ ಹಾಕಿದೆ.
ಹನ್ನೆರಡು ರೂಪಾಯಿ ಕಡಿಮೆಯಿತ್ತು, ಹೇಳಲಿಲ್ಲ.

ಅವಳು ರಸ್ತೆ ದಾಟುವಾಗ
ಒಳಗಿಂದ ಅಪ್ಪ ಕೂಗಿದ,
‘ಹಗ್ಗ ಇರಲಿ ಮಾರಾಯ್ತಿ,
ರಾಟೆ ನೋಡಿದೆಯಾ?’